ಕೊನೆಯ ಕಂಬದ ಮನೆ

ನಮ್ಮ ಹಿಂದಿನವರು ದೀಪದ ಎಣ್ಣೆಯನ್ನು ಕೊಂಡು ತರುತ್ತಿದ್ದರು. ಬೆಂಕಿಯನ್ನು ಮಾತ್ರ ಯಾರೂ ಕೊಳ್ಳುತ್ತಿರಲಿಲ್ಲ. ಒಲೆಯ ಕೆಂಡ ಆರಿಹೋದರೆ ಮನೆಯಾಕೆ ಕುಳ್ಳಿನ ತುಂಡೊಂದನ್ನು ಹಿಡಿದು ನೆರೆಮನೆಗೆ ಹೋಗಿ ಬೆಂಕಿ ಕೇಳಿ ತರುತ್ತಿದ್ದಳು. ಕೊಟ್ಟವರು ಅದನ್ನು ಲೆಕ್ಕದಲ್ಲಿ ಬರೆಯುತ್ತಿರಲಿಲ್ಲ. ತಂದವರು ಅದನ್ನು ಉಪಕಾರವೆಂದೂ ಎಣಿಸುತ್ತಿರಲಿಲ್ಲ. ಎಣ್ಣೆ ಅಂಗಡಿಯ ಸರಕು. ಬೆಂಕಿ ನೆರೆಹೊರೆಯ ಪಾಲು. ಈ ಭೇದವನ್ನು ಯಾವ ಶಾಸ್ತ್ರವೂ ಹೇಳಿಕೊಡಬೇಕಾಗಿರಲಿಲ್ಲ.

ಇಂದು ಗೋಡೆಯ ಗುಂಡಿಯನ್ನೊತ್ತಿ ನಾವು ಪಡೆಯುವ ಬೆಳಕಿನಲ್ಲಿ ಎಣ್ಣೆಯೂ ಬೆಂಕಿಯೂ ಒಂದರೊಳಗೊಂದು ಬೆರೆತುಹೋಗಿವೆ. ಅದನ್ನು ಉತ್ಪಾದಿಸುವುದಕ್ಕೆ ಕಲ್ಲಿದ್ದಲು ಬೇಕು, ಹಣ ಬೇಕು. ಆದ್ದರಿಂದ ಅದು ಸರಕು. ಅದಿಲ್ಲದೆ ಮಗು ಓದಲಾರದು, ಹಿಟ್ಟಿನ ಗಿರಣಿ ತಿರುಗದು, ಕುಡಿಯುವ ನೀರು ತೊಟ್ಟಿಗೆ ಏರದು. ಆದ್ದರಿಂದ ಅದು ಪಾಲು. ಹಾಗಾದರೆ ವಿದ್ಯುಚ್ಛಕ್ತಿಯನ್ನು ಮಾರಬೇಕೋ, ಹಂಚಬೇಕೋ? ಕಳೆದ ಕಾಲು ಶತಮಾನದಿಂದ ನಮ್ಮ ನಾಡಿನಲ್ಲಿ ನಡೆದಿರುವ ‘ವಿದ್ಯುತ್ ಸುಧಾರಣೆ’ಯ ಒಳಗಿರುವುದು ಈ ಪ್ರಶ್ನೆಯೇ. ಅದನ್ನು ಎಂಜಿನಿಯರುಗಳಿಗೂ ಲೆಕ್ಕಿಗರಿಗೂ ಬಿಟ್ಟು ನಾವು ಸುಮ್ಮನಿರುವುದು ಸರಿಯಲ್ಲ.

ಮಾರಾಟವೇನೂ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಯಾವ ಬಡವನ ಗುಡಿಸಲಿಗೂ ಅಲ್ಲ. ಸುಮಾರು 92 ಮೈಲಿ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರಗಳ ಪಾಲಿಗೆ ಅದು ದೂರದ ಸುದ್ದಿ. 1956ರಲ್ಲಿ ನಾಡು ಒಂದಾಯಿತು. 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಬೆಳಕು ಕೊಡುವುದು ಸರ್ಕಾರದ ಧರ್ಮ ಎಂಬ ಭಾವನೆ ಬೇರೂರಿದ್ದು ಆ ಕಾಲದಲ್ಲಿ. ಕಂಬಗಳು ಹಳ್ಳಿಗಳಿಗೆ ನಡೆದು ಬಂದವು.

ಆ ಮಂಡಳಿಯನ್ನು ಈಗ ನೆನೆದು ನಿಟ್ಟುಸಿರು ಬಿಡುವವರಿದ್ದಾರೆ. ಅವರು ಒಂದು ಮಾತನ್ನು ಮರೆಯಬಾರದು. ಮಂಡಳಿಯ ದಿನಗಳಲ್ಲಿ ತಂತಿಯಲ್ಲಿ ಸೋರಿದ್ದೆಷ್ಟು, ಕದ್ದದ್ದೆಷ್ಟು, ರೈತನ ಪಂಪು ನಿಜವಾಗಿ ಬಳಸಿದ್ದೆಷ್ಟು ಎಂಬುದು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಪಂಪಿಗೆ ಮೀಟರಿಲ್ಲ. ಆದ್ದರಿಂದ ಲೆಕ್ಕಕ್ಕೆ ಸಿಗದ್ದನ್ನೆಲ್ಲ ರೈತನ ಹೆಸರಿಗೆ ಬರೆದು ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಪಟ್ಟಣದ ಕಳ್ಳನ ಪಾಪವೂ ಹಳ್ಳಿಯ ಬಾವಿಗೇ! 1999ರ ಸುಧಾರಣಾ ಕಾಯಿದೆ ಮಂಡಳಿಯನ್ನು ತೆಗೆದು ಪ್ರಸರಣ ನಿಗಮವನ್ನು ತಂದಿತು. ದರ ಗೊತ್ತುಮಾಡುವುದಕ್ಕೆ ಪ್ರತ್ಯೇಕ ಆಯೋಗ ಬಂದಿತು. 2002ರಲ್ಲಿ ವಿತರಣೆ ಬೇರೆಯಾಗಿ, ನಮ್ಮ ಭಾಗ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಜನರ ಬಾಯಲ್ಲಿ ಜೆಸ್ಕಾಂಗೆ, ಸೇರಿತು. ಇವೆಲ್ಲ ಇಂದಿಗೂ ಸರ್ಕಾರದ ಕಂಪನಿಗಳೇ. ಆದರೆ ಕಂಪನಿಯಾದ ಮೇಲೆ ಲೆಕ್ಕ ಒಪ್ಪಿಸಬೇಕು. ಕೊಂಡದ್ದು, ಮಾರಿದ್ದು, ಸೋರಿದ್ದು ಆಯೋಗದ ಮುಂದೆ ಬರಬೇಕು. ಇದನ್ನು ಬರಿಯ ವ್ಯಾಪಾರವೆಂದು ತಿರಸ್ಕರಿಸಲಾಗದು. ನೆಟ್ಟನೆಯ ಲೆಕ್ಕವೂ ಒಂದು ಬಗೆಯ ಸತ್ಯವೇ. ಸುಳ್ಳು ಲೆಕ್ಕದ ಮೇಲೆ ನಿಂತ ಕರುಣೆ ಬಹುಕಾಲ ನಿಲ್ಲದು.

ಆದರೆ ಲೆಕ್ಕ ಎಲ್ಲವನ್ನೂ ಹೇಳೀತೆ? ಸುರಪುರ, ಶಹಾಪುರಗಳ ರೈತರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ನಾರಾಯಣಪುರದ ಎಡದಂಡೆ ಕಾಲುವೆ ಅವರಿಗೆ ಪಾಠ ಕಲಿಸಿದೆ. ಕಾಲುವೆಯ ತಲೆಯಲ್ಲಿರುವವನು ನಿಯಮ ಮೀರಿ ಭತ್ತ ಹಾಕುತ್ತಾನೆ. ಬಾಲದಲ್ಲಿರುವವನ ಹೊಲಕ್ಕೆ ನೀರು ಬರುವುದೇ ಇಲ್ಲ. ಕಾಗದದ ಮೇಲೆ ಇಬ್ಬರೂ ನೀರಾವರಿಯವರೇ. ತಂತಿಗೂ ಇಂಥ ತಲೆಬಾಲಗಳುಂಟು. ಉಪಕೇಂದ್ರದ ಹತ್ತಿರದ ಮನೆಯಲ್ಲಿ ದೀಪ ಬೆಳ್ಳಗೆ ಉರಿಯುತ್ತದೆ. ಸಾಲಿನ ಕೊನೆಯ ಕಂಬದ ಮನೆಗೆ ಹೋಗುವ ಹೊತ್ತಿಗೆ ವೋಲ್ಟೇಜು ಸೋತುಹೋಗಿರುತ್ತದೆ. ಅಲ್ಲಿಗೆ ತಂತಿ ಉದ್ದ, ಸೋರಿಕೆ ಹೆಚ್ಚು, ಬಿಲ್ಲು ಸಣ್ಣದು. ಟಿ.ಸಿ. ಸುಟ್ಟರೆ ಹೊಸದಕ್ಕೆ ಕಾಯಬೇಕು. ಲಾಭನಷ್ಟದ ಕಣ್ಣಿನಿಂದ ನೋಡಿದರೆ ಆ ಮನೆ ಇಲ್ಲದಿದ್ದರೇ ಕಂಪನಿಗೆ ಒಳ್ಳೆಯದು.

ಪೇಟೆಯಲ್ಲಿ ಒಬ್ಬ ಅಂಗಡಿಯವನು ಸರಿಯಿಲ್ಲದಿದ್ದರೆ ಇನ್ನೊಬ್ಬನ ಬಳಿ ಹೋಗುತ್ತೇವೆ. ತಂತಿಯ ವಿಷಯದಲ್ಲಿ ಆ ಸ್ವಾತಂತ್ರ್ಯವಿಲ್ಲ. ಒಂದು ಓಣಿಯಲ್ಲಿ ಇಬ್ಬರು ಎರಡು ಸಾಲು ಕಂಬ ನೆಡುವುದು ಹುಚ್ಚುತನ. ಆದ್ದರಿಂದ ಸ್ಪರ್ಧೆ ಉತ್ಪಾದನೆಯಲ್ಲಿ ಬರಬಹುದು, ಮಾರಾಟದಲ್ಲಿ ಬರಬಹುದು. ತಂತಿ ಮಾತ್ರ ಒಂದೇ. 2003ರ ವಿದ್ಯುಚ್ಛಕ್ತಿ ಕಾಯಿದೆ ಇದನ್ನು ಬಲ್ಲದು. ಕೇಳಿದವನಿಗೆ ಸಂಪರ್ಕ ಕೊಡುವುದು ವಿತರಕನ ಕರ್ತವ್ಯ ಎಂದು ಅದರ 43ನೆಯ ಕಲಮು ಹೇಳುತ್ತದೆ. ಅಂಗಡಿಯವನಿಗೆ ಇಂಥ ಕಟ್ಟಳೆ ಯಾರೂ ಹಾಕುವುದಿಲ್ಲ. ಕರ್ತವ್ಯವನ್ನು ಬರಿಯ ಲಾಭದ ಕೈಗೆ ಕೊಟ್ಟರೆ ಏನಾದೀತೆಂಬುದಕ್ಕೆ ಒಡಿಶಾದ ದೃಷ್ಟಾಂತವುಂಟು. ಅಲ್ಲಿ ವಿತರಣೆಯನ್ನು 1999ರಲ್ಲಿ ಖಾಸಗಿಯವರಿಗೆ ಒಪ್ಪಿಸಿದರು. ಅದೇ ವರ್ಷ ಅಕ್ಟೋಬರಿನ ಚಂಡಮಾರುತ ಕಂಬಗಳನ್ನು ನೆಲಕ್ಕುರುಳಿಸಿತು. ನಡುಭಾಗವನ್ನು ವಹಿಸಿಕೊಂಡಿದ್ದ ಅಮೆರಿಕದ ಕಂಪನಿ 2001ರಲ್ಲಿ ಕೈಬಿಟ್ಟು ಹೊರಟಿತು. ಊರಿನವರು ಹಾಗೆ ಹೊರಟುಹೋಗುವಂತಿರಲಿಲ್ಲ.

ಇನ್ನು ದರದ ಮಾತು. ನಮ್ಮಲ್ಲಿ ಬೆಂಗಳೂರಿನ ಮನೆಗೂ ಸುರಪುರದ ಮನೆಗೂ ದರ ಬಹುಮಟ್ಟಿಗೆ ಒಂದೇ. ಕಾರ್ಖಾನೆಯವರೂ ದೊಡ್ಡ ಅಂಗಡಿಯವರೂ ಹೆಚ್ಚು ಕೊಡುತ್ತಾರೆ. ಅದರಿಂದ ಹಳ್ಳಿಯ ದೀಪ ಉರಿಯುತ್ತದೆ. ‘ನಾನು ಬಟ್ಟೆ ನೇಯುವವನು, ಧರ್ಮಛತ್ರ ನಡೆಸುವವನಲ್ಲ; ನನ್ನಿಂದ ಬಲವಂತದ ದಾನವೇಕೆ?’ ಎಂದು ಕಾರ್ಖಾನೆಯವನು ಕೇಳುತ್ತಾನೆ. ಅವನ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಹೊಸ ಕಾಯಿದೆ ಅವನಿಗೆ ದಾರಿಯನ್ನೂ ತೋರಿಸಿದೆ: 1 ಮೆಗಾವಾಟಿಗಿಂತ ಹೆಚ್ಚು ಬೇಕಾದವನು ತಂತಿಗೆ ಬಾಡಿಗೆ ಕೊಟ್ಟು ತನಗೆ ಬೇಕಾದವನಿಂದ ವಿದ್ಯುತ್ತನ್ನು ಕೊಳ್ಳಬಹುದು. ಸೂರ್ಯ, ಗಾಳಿಗಳ ವಿದ್ಯುತ್ತಾದರೆ 2022ರ ನಿಯಮಗಳು ಆ ಮಿತಿಯನ್ನು 100 ಕಿಲೋವಾಟಿಗೆ ಇಳಿಸಿವೆ. ಹೀಗೆ ಉಳ್ಳವರು ಒಬ್ಬೊಬ್ಬರಾಗಿ ಪಂಕ್ತಿಯಿಂದ ಎದ್ದುಹೋದರೆ ಉಳಿದವರ ಎಲೆಗೆ ಬಡಿಸುವವರಾರು? ಎದ್ದು ಹೋಗುವವನಿಂದ ಕಾಯಿದೆ ಹೆಚ್ಚುವರಿ ಶುಲ್ಕವನ್ನು ಕೇಳುತ್ತದೆ, ನಿಜ. ಆ ಶುಲ್ಕ ದಂಡವೋ ಋಣವೋ ಎಂಬುದನ್ನು ನಾವು ತೀರ್ಮಾನಿಸಬೇಕು.

ಇಲ್ಲಿ ನಮ್ಮ ನೆಲದ ಒಬ್ಬ ಹಿರಿಯನ ನೆನಪಾಗುತ್ತದೆ. ಜೇಡರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು. ಅವನೂ ಬಟ್ಟೆ ನೇಯ್ದವನೇ. ನೆಲ, ಬೆಳೆ, ಗಾಳಿಗಳು ತನ್ನವೆಂದು ಬೀಗುವವನನ್ನು ಅವನು ಒಪ್ಪಲಿಲ್ಲ. ಮುಂದೆ ಶರಣರು ದಾನಕ್ಕೂ ದಾಸೋಹಕ್ಕೂ ಅಂತರ ಕಂಡರು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನು ಮರಳಿಸುತ್ತಾನೆ ಅಷ್ಟೆ. ಈ ಮಾತು ವಿದ್ಯುತ್ತಿಗೆ ಅಕ್ಷರಶಃ ಸಲ್ಲುತ್ತದೆ. ನೆರೆಯ ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಕೃಷ್ಣೆಯ ನೀರು ಅದಕ್ಕೆ ಹೋಗುತ್ತದೆ. ವಿದ್ಯುತ್ತು ನಾಡಿಗೆಲ್ಲ ಹರಿಯುತ್ತದೆ. ಬೂದಿ ಮಾತ್ರ ಇಲ್ಲೇ ಉಳಿಯುತ್ತದೆ. ಶರಾವತಿಯ ಬೆಳಕಿಗಾಗಿ ಮಲೆನಾಡಿನ ಹಳ್ಳಿಗಳು ಮುಳುಗಿದವು. ಈ ಬೂದಿಗೂ ಮುಳುಗಡೆಗೂ ಯಾವ ಬಿಲ್ಲಿನಲ್ಲಿ ಕಾಲಮು ಇದೆ? ಪಟ್ಟಣದವರು ಹಳ್ಳಿಗೆ ಕೊಡುತ್ತಿರುವುದನ್ನು ದಾನವೆನ್ನುವ ಮೊದಲು ಹಿಂದಿನ ಬಾಕಿಯನ್ನು ನೋಡಿಕೊಳ್ಳುವುದು ಲೇಸು.

ಹಾಗೆಂದು ಎಲ್ಲವೂ ಪುಕ್ಕಟೆಯಾಗಲಿ ಎಂಬುದು ನನ್ನ ಅಭಿಪ್ರಾಯವಲ್ಲ. 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತ. 2023ರಿಂದ ಗೃಹಜ್ಯೋತಿಯಲ್ಲಿ ಮನೆಗಳಿಗೆ 200 ಯೂನಿಟ್ಟಿನವರೆಗೆ ಉಚಿತ. ಬಡವನ ಮನೆಯಲ್ಲಿ ಇದರಿಂದ ಉಳಿದ ಹಣ ಸಣ್ಣದಲ್ಲ. ಆದರೆ ಉಚಿತದಲ್ಲಿ ಒಂದು ಗುಪ್ತವಾದ ಸಾಲ ಉಂಟು. ಬಿಲ್ಲು ಕಟ್ಟಿದವನು ಕಚೇರಿಗೆ ಹೋಗಿ ‘ರೊಕ್ಕ ಕಟ್ಟೀನ್ರಿ, ಲೈಟ್ ಯಾಕ ಇಲ್ಲ?’ ಎಂದು ಕೇಳಬಲ್ಲ. ಕಟ್ಟದವನಿಗೆ ‘ಪುಕ್ಕಟೆ ಕರೆಂಟು, ಬಂದಾಗ ಬರತದ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವನು ಹಣವನ್ನುಳಿಸಿಕೊಂಡು ದನಿಯನ್ನು ಕಳೆದುಕೊಂಡ. ಸರ್ಕಾರ ಯಾರಿಗಾದರೂ ರಿಯಾಯಿತಿ ಕೊಡುವುದಾದರೆ ಅದರ ಹಣವನ್ನು ಮುಂಗಡವಾಗಿ ಕಂಪನಿಗೆ ಕೊಡಬೇಕೆಂದು ಕಾಯಿದೆಯ 65ನೆಯ ಕಲಮು ವಿಧಿಸುತ್ತದೆ. ಅದು ತಡವಾದರೆ ಕಂಪನಿ ಸಾಲ ಮಾಡುತ್ತದೆ, ದುರಸ್ತಿಯನ್ನು ಮುಂದೂಡುತ್ತದೆ. ಮುಂದೂಡಿದ ದುರಸ್ತಿ ಮೊದಲು ತಟ್ಟುವುದು ಯಾರಿಗೆ? ಆ ಕೊನೆಯ ಕಂಬದ ಮನೆಗೇ. ಕೊಟ್ಟ ಕೀರ್ತಿ ಒಬ್ಬರಿಗೆ, ಕತ್ತಲೆ ಇನ್ನೊಬ್ಬರಿಗೆ.

ಎಣ್ಣೆ, ಬೆಂಕಿಗಳ ಹಳೆಯ ಭೇದಕ್ಕೆ ಇನ್ನೂ ಬೆಲೆಯುಂಟು ಎಂದು ನನಗೆ ತೋರುತ್ತದೆ. ಬಳಸಿದ ಯೂನಿಟ್ಟು ಎಣ್ಣೆ. ಅದಕ್ಕೆ ಕೈಲಾದಷ್ಟು ಬೆಲೆ ಕೊಡುವುದು ನ್ಯಾಯ, ಗೌರವವೂ ಹೌದು. ತಂತಿ, ಕಂಬ, ಟಿ.ಸಿ.ಗಳು ಊರ ಬೆಂಕಿ. ಅವು ರಸ್ತೆಯ ಹಾಗೆ, ಸೇದುವ ಬಾವಿಯ ಹಾಗೆ, ಎಲ್ಲರವು. ಅವುಗಳಲ್ಲಿ ದೂರದವನು ಹತ್ತಿರದವನು ಎಂಬ ಭೇದ ಸಲ್ಲದು. ದರ ಏರಿಸುವ ಮುನ್ನ ಆಯೋಗ ಸಾರ್ವಜನಿಕರ ಅಹವಾಲು ಕೇಳುತ್ತದೆ. ಉದ್ಯಮಿಗಳ ಸಂಘ ಅಲ್ಲಿಗೆ ಲೆಕ್ಕಿಗರನ್ನು ಕಳಿಸಬಲ್ಲದು. ಮುದನೂರಿನ ಕೂಲಿಯವನು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಕಲಬುರಗಿಗೆ ಹೋಗಲಾರ. ಅವನ ಪರವಾಗಿ ಮಾತಾಡಬೇಕಾದವರು ಪತ್ರಿಕೆ ಓದುವ, ಅರ್ಜಿ ಬರೆಯಬಲ್ಲ ನಾವು. ಆದರೆ ನಾವು ಅಲ್ಲಿಗೆ ಹೋದರೂ ಕೇಳುವುದು ನಮ್ಮ ಬಿಲ್ಲು ಎಷ್ಟು ಇಳಿದೀತು ಎಂಬುದನ್ನು ಮಾತ್ರ.

ಸುಧಾರಣೆ ಫಲಿಸಿತೆ ಎಂಬುದನ್ನು ಕಂಪನಿಯ ಲಾಭದಿಂದ ಅಳೆಯುವವರು ಅಳೆಯಲಿ. ಸಾಲಿನ ಕೊನೆಯ ಕಂಬದ ಮನೆಯಲ್ಲಿ ಸಂಜೆ ಏಳರ ಹೊತ್ತಿಗೆ ದೀಪ ಹೇಗೆ ಉರಿಯುತ್ತದೆ ಎಂದು ಹೋಗಿ ನೋಡುವುದು ಇನ್ನೊಂದು ಅಳತೆ. ಅದಕ್ಕೆ ಮೀಟರು ಬೇಕಾಗಿಲ್ಲ, ಕಣ್ಣಿದ್ದರೆ ಸಾಕು.