ಆಟದಾಗಿನ ಫೌಜದಾರ

ನಮ್ಮ ಜತ್ತ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಬಂತಂದ್ರ ನಾಟಕ ಆಗಬೇಕು, ನಾಟಕದಾಗ ಒಂದು ಖೂನಿ ಇರಬೇಕು. ಕಡೀ ಪ್ರವೇಶಕ್ಕೆ ಫೌಜದಾರ ಬರ್ತಾನ, ಖಳನಾಯಕನ ಕಪಾಳಕ್ಕೆ ಎರಡು ಕೊಡ್ತಾನ. ಅವನು "ಹೌದ್ರೀ, ನಾನೇ ಕೊಂದೆ" ಅಂತಾನ. ಬೇಡಿ ಬಿತ್ತು, ಮಂಗಳ ಹಾಡಿದರು. ಹೀಗೆ ಬರೆಯೋದು ಸರಿಯೋ ತಪ್ಪೋ ಅನ್ನೋದು ನನ್ನ ಪ್ರಶ್ನೆ.

ಕತೆ ಅಂದಮ್ಯಾಲೆ ಸುಳ್ಳು ಇರೋದೇ, ದೇವರು ಧರೆಗೆ ಇಳಿದು ಬಂದ್ರ ಯಾರು ಪುರಾವೆ ಕೇಳ್ತಾರ ಅಂತ ಮಾಸ್ತರ ಮಂದಿ ಅಂತಾರ. ಖರೇ. ಆದರೆ ದೇವರು ಬರ್ತಾನಂತ ನಂಬಿ ಯಾರೂ ಹೊಲ ಬಿತ್ತದೆ ಕೂಡೂದಿಲ್ಲ. ಫೌಜದಾರನ ಮಾತು ಹಾಂಗಲ್ಲ, ಅದನ್ನು ಕಾಯಿದೆ ಅಂತ ತಿಳಿದು ಮಂದಿ ಮನೆಗೆ ಒಯ್ತಾರ. ನಮ್ಮಲ್ಲಿ ಬಹಳ ಮಂದಿ ಠಾಣೆ ಕಂಡದ್ದೇ ರಂಗದ ಮ್ಯಾಲೆ.

ಕಾಯಿದೆ ಬ್ಯಾರೇನೇ ಹೇಳ್ತದ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಆ ಮಾತು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ನಡೆಯೂದಿಲ್ಲ. ಇದು 1872ರ ಸಾಕ್ಷ್ಯ ಕಾಯಿದೆಯಲ್ಲಿ ಇತ್ತು, 2024ರ ಜುಲೈ 1ರಿಂದ ಬಂದ ಹೊಸ ಕಾಯಿದೆಯಲ್ಲೂ ಇದೆ. ಆದರೆ "ಕೊಡಲಿ ಇಂಥಲ್ಲಿ ಹುಗಿದೀನಿ" ಅಂತ ಅವನು ಹೇಳಿ, ಅದರಿಂದ ಕೊಡಲಿ ಸಿಕ್ಕರೆ ಅಷ್ಟು ಮಾತು ನಡೀತದ. ಬಾಂದಿನ ಗಿಡದ ಬುಡ ಅಗೀತಾರ, ಪಂಚರು ನಿಂತು ನೋಡ್ತಾರ. ಕಪಾಳಕ್ಕಿಂತ ಇದು ಚಲೋ ಪ್ರವೇಶ ಅಲ್ಲೇನ್ರೀ?

ಹಿಡಿದವನನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಬೇಕು. ಖೂನಿ ಕೇಸಿನಲ್ಲಿ 90 ದಿನದೊಳಗೆ ದೋಷಾರೋಪ ಪಟ್ಟಿ ಹಾಕದಿದ್ದರೆ ಜಾಮೀನು ಕೇಳೋದು ಆರೋಪಿಯ ಹಕ್ಕು. ಇದನ್ನು ಯಾವ ನಾಟಕಕಾರನೂ ಹೇಳೂದಿಲ್ಲ. ಹೇಳದಿದ್ದರ ಏನಾಗ್ತದ? ಸತ್ತವನ ತಮ್ಮ, ಆರೋಪಿ ಸಂತೆಯಲ್ಲಿ ತಿರುಗೋದು ನೋಡ್ತಾನ. ಅವನ ತಲೆಯಲ್ಲಿ ಬೇಡಿ ಬಿದ್ದ ಮ್ಯಾಲೆ ಕತೆ ಮುಗಿದಿತ್ತು. ಈಗ ಎಲ್ಲಾರೂ ರೊಕ್ಕ ತಿಂದಾರ ಅನ್ನಿಸ್ತದ, ಕೈ ಕುಡಗೋಲಿಗೆ ಹೋಗ್ತದ. ಎರಡನೇ ಹೆಣಕ್ಕೆ ನಾವು ಹಾಡವರೂ ಒಂದಿಷ್ಟು ಪಾಲುದಾರರು ಅಂತ ನನಗೆ ಅನ್ನಿಸ್ತದ.

'ಸಂಗ್ಯಾ ಬಾಳ್ಯಾ' ನೋಡ್ರಿ, ಬೈಲಹೊಂಗಲದ ಕತಿ. ಸಂಗ್ಯಾನನ್ನು ಕೊಂದವರು ಬ್ಯಾರೆ, ಹಿಡಿದುಕೊಟ್ಟವ ಗೆಳೆಯ ಬಾಳ್ಯಾ. ಅವನನ್ನು ಮಂದಿ ಬೈದು ಬಿಡ್ತಾರ. ಕೊಲೆ ಆಗ್ತದಂತ ಗೊತ್ತಿದ್ದು ನೆರವಾದವನಿಗೂ ಕೊಂದವನಷ್ಟೇ ಶಿಕ್ಷೆ ಆಗಬಹುದು ಅನ್ನೋದು ಎಷ್ಟು ಮಂದಿಗೆ ಗೊತ್ತು?

ಆಟಕ್ಕಿರೋದು ಒಂದೇ ರಾತ್ರಿ, ಕೇಸು ವರ್ಷಗಟ್ಟಲೆ ನಡೀತದ ಅಂತ ಬರೆಯುವವರ ತಕರಾರು. ಅದಕ್ಕೇನು? "ಮೂರು ಮಳೆಗಾಲ ಹೋದವು" ಅಂತ ಒಂದು ನುಡಿ ಹಾಡಿದರ ಸಾಕು. ಖೂನಿಗಿಂತ ದೊಡ್ಡ ದುಃಖ ಆ ಮೂರು ಮಳೆಗಾಲದಾಗೇ ಅದ: ತಾರೀಖಿಗೆ ಅಲೆಯುವ ವಿಧವೆ, ಬಸ್ಸಿನ ರೊಕ್ಕಕ್ಕೆ ಮಾರಿದ ಆಡು.

ಇನ್ನು ಸಾಕ್ಷಿ. ನಮ್ಮ ಕಡೆ ಠಾಣೆಯ ಕಾಗದ ಮರಾಠಿ. ಕನ್ನಡ ಬಿಟ್ಟು ಬ್ಯಾರೆ ಓದಲು ಬಾರದ ಮುದುಕ ಪಂಚನಾಮೆಗೆ ಸಹಿ ಹಾಕ್ತಾನ. ವರ್ಷಗಳ ಮ್ಯಾಲೆ ಕೋರ್ಟಿನಾಗ ವಕೀಲರು "ಇದರಾಗ ಏನದ ಹೇಳು" ಅಂದ್ರ ಏನು ಹೇಳ್ಯಾನು? ಫಿರ್ಯಾದಿ ಕೊಟ್ಟವನಿಗೆ ಅದನ್ನು ಓದಿ ಹೇಳಬೇಕು, ಒಂದು ಪ್ರತಿ ಪುಕ್ಕಟೆ ಕೊಡಬೇಕು ಅಂತ ಕಾಯಿದೆ ಅದ. ನಾಟಕದಾಗ ಒಬ್ಬ ಮುದುಕ "ಮೊದಲು ಓದಿ ಹೇಳ್ರೀ ಸಾಹೇಬ್ರ, ಆಮ್ಯಾಲೆ ಸಹಿ" ಅಂದ್ರ, ನೋಡಿದ ನೂರು ಮಂದಿಯಲ್ಲಿ ನಾಲ್ಕು ಮಂದಿಗಾದರೂ ಬಾಯಿ ಬಂದೀತು. ತಾಲೀಮಿನಾಗ ಖಳನಾಯಕನ ಪಾರ್ಟಿಗೆ ಹತ್ತು ಹುಡುಗರು ಬಡದಾಡ್ತಾರ, ಪಂಚನ ಪಾರ್ಟು ಅಂದ್ರ ಎಲ್ಲಾರೂ ಒಲ್ಲೆ ಅಂತಾರ.