ಎಪ್ಪತ್ತು ಪರ್ಸೆಂಟ್

ನಮ್ಮೂರ ಹೆಸರು ಗೂಗಲ್. ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕು, ಕೃಷ್ಣಾ ನದಿಯ ದಂಡೆ. ಬೆಂಗಳೂರಿನ ಆಫೀಸಿನಲ್ಲಿ ಹೀಗಂದರೆ ಮೊದಲು ನಗು, ಆಮೇಲೆ 'ಸೀರಿಯಸ್ಲೀ?' ಅನ್ನೋ ಪ್ರಶ್ನೆ. ಆ ಕಂಪನಿ ಹುಟ್ಟೋಕೆ ಎಷ್ಟೋ ಮೊದಲಿಂದ ಅಲ್ಲಿ ಅಲ್ಲಮಪ್ರಭುವಿನ ಗುಡಿ ಇದೆ ಅಂತ ಹೇಳಿ ನಾನೂ ನಗ್ತೀನಿ. ಊರಲ್ಲಿ ಮಾತ್ರ ಈ ಜೋಕು ತಿರುಗಿ ನನ್ನ ಮೇಲೇ ಬೀಳುತ್ತದೆ. ಕಂಪ್ಯೂಟರ್ ಕಲಿತವನಿಗೆ ಎಲ್ಲಾ ಗೊತ್ತಿರುತ್ತದೆ ಅನ್ನೋದು ಅಪ್ಪನ ನಂಬಿಕೆ.

2023ರ ಜುಲೈ ಕೊನೆಯ ವಾರ ಅಪ್ಪ ಫೋನ್ ಮಾಡಿದ. ಮಿರಗ, ಆರಿದ್ರ ಎರಡೂ ಹುಸಿ ಹೋಗಿದ್ದವು. ಜುಲೈನಲ್ಲಿ ಮಳೆ ಹಿಡಿದು ಹೊಲ ಆಗಷ್ಟೇ ಹದಕ್ಕೆ ಬಂದಿತ್ತು. ನದಿ ಕಣ್ಣಿಗೆ ಕಾಣುತ್ತದೆ, ಆದರೆ ನಮ್ಮ ನಾಲ್ಕು ಎಕರೆ ಎರೆ ಹೊಲಕ್ಕೆ ಅದರ ನೀರು ಬರೋದಿಲ್ಲ. ಮಳೆಯೇ ಗತಿ.

"ತೊಗರಿ ಹಾಕ್ಲ್ಯಾ, ಇಲ್ಲಾ ಹೊಲ ಹಂಗ ಬಿಟ್ಟು ಹಿಂಗಾರಿ ಜ್ವಾಳಕ್ಕ ಇಡ್ಲ್ಯಾ? ನಿನ್ನ ಫೋನಿನ್ಯಾಗ ಏನಂತೈತಿ ನೋಡು."

ನೋಡಿದೆ. ಮುಂದಿನ ದಿನಗಳ ಮೇಲೆ 70, 65, 70 ಅಂತ ಪರ್ಸೆಂಟ್ ಇತ್ತು. ಸ್ಟ್ಯಾಂಡಪ್ ಮೀಟಿಂಗಿಗೆ ಎರಡು ನಿಮಿಷ ಉಳಿದಿತ್ತು. "ಮಳಿ ಐತಿ ಯಪ್ಪಾ, ಹಾಕಿಬಿಡು" ಅಂದೆ.

ಎರಡು ಸಲ ಹನಿ ಉದುರಿತು. ಆಮೇಲೆ ಆಗಸ್ಟ್ ಬಂತು. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ವಾಡಿಕೆಗಿಂತ ಶೇ 36ರಷ್ಟು ಕಡಿಮೆ ಮಳೆ. ತೊಗರಿ ಗೇಣುದ್ದ ಎದ್ದು ಅಲ್ಲೇ ಬಾಡಿತು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ.

ನಾನು ಹೇಳಿದ್ದು ತಪ್ಪೇ? ಲೆಕ್ಕದ ಪ್ರಕಾರ ಅಲ್ಲ. ಎಪ್ಪತ್ತು ಪರ್ಸೆಂಟ್ ಅಂದರೆ ಅಂಥ ಹತ್ತು ಸಲದಲ್ಲಿ ಮೂರು ಸಲ ಮಳೆ ಬರೋದಿಲ್ಲ ಅಂತಲೇ ಅರ್ಥ. ಒಂದು ಸಲ ಬರಲಿಲ್ಲ ಅಂದ ಮಾತ್ರಕ್ಕೆ ಆ ಸಂಖ್ಯೆ ಸುಳ್ಳಾಗೋದಿಲ್ಲ. ಈ ವಾದವನ್ನು ತಿಂಗಳುಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ವಾದ ಸರಿಯಾಗೇ ಇತ್ತು, ನೆಮ್ಮದಿ ಮಾತ್ರ ಸಿಗಲಿಲ್ಲ. ಆ ಸಂಕಟಕ್ಕೇ ಮುಂಗಾರಿನ ಬಗ್ಗೆ ಓದತೊಡಗಿದೆ. ಹಾಗೆ ಓದುವಾಗ ಸಿಕ್ಕವರು ಸುಲೋಚನಾ ಗಾಡ್ಗೀಳ್.

ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮುಗಿಸಿ ದೇಶಕ್ಕೆ ಮರಳಿ, 1973ರಿಂದ ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆಲಸ ಮಾಡಿದವರು. 2025ರ ಜುಲೈನಲ್ಲಿ ತೀರಿಕೊಂಡರು. ಮಳೆಗಾಲದ ನಡುವೆ ಮಳೆ ಯಾಕೆ ಬಿಡುವು ತಗೊಳ್ಳುತ್ತದೆ ಅನ್ನೋದು ಅವರನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದು. 1980ರಲ್ಲಿ ಡಿ.ಆರ್. ಸಿಕ್ಕಾ ಜೊತೆ ಉಪಗ್ರಹದ ಚಿತ್ರಗಳನ್ನು ದಿನದಿನಕ್ಕೆ ಜೋಡಿಸಿ ನೋಡಿ ಒಂದು ಪ್ರಬಂಧ ಬರೆದರು. ಸಮಭಾಜಕ ವೃತ್ತದ ಹತ್ತಿರ ಸಮುದ್ರದ ಮೇಲೆ ಮೋಡದ ಪಟ್ಟಿಯೊಂದು ಹುಟ್ಟಿ ಉತ್ತರಕ್ಕೆ ನಮ್ಮ ನೆಲದ ಕಡೆ ಸರಿಯುತ್ತದೆ. 2ರಿಂದ 6 ವಾರಕ್ಕೊಮ್ಮೆ ಹೀಗೆ ಹೊಸ ಪಟ್ಟಿ ಬಂದು ಸೇರಿಕೊಳ್ಳದಿದ್ದರೆ ನೆಲದ ಮೇಲಿನ ಮಳೆ ಸೊರಗುತ್ತದೆ. ಅಪ್ಪ ಮಳೆಯನ್ನು ಹದಿಮೂರು-ಹದಿನಾಲ್ಕು ದಿನದ ನಕ್ಷತ್ರಗಳಲ್ಲಿ ಎಣಿಸುತ್ತಾನೆ. ಕಾರಣ ಬೇರೆ ಬೇರೆಯಾದರೂ ಮಳೆ ಕಂತುಗಳಲ್ಲಿ ಬರುತ್ತದೆ ಅನ್ನೋದು ಇಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಾನೊಬ್ಬನೇ.

ಉಷ್ಣವಲಯದ ಗಾಳಿ, ಮೋಡಗಳು ತೊಟ್ಟಿಲಿನ ಹಾಗೆ ತೂಗುತ್ತಿರುತ್ತವೆ. ಕಷ್ಟ ಏನಂದರೆ ತೊಟ್ಟಿಲು ಒಂದೇ ಅಲ್ಲ. ಶಾಂತಸಾಗರದ ದೊಡ್ಡ ತೂಗಾಟಕ್ಕೆ ಹೆಸರಿಟ್ಟವರು ಗಿಲ್ಬರ್ಟ್ ವಾಕರ್. 1899ರ ಬರಗಾಲದ ನೆನಪು ಇನ್ನೂ ಹಸಿಯಿದ್ದಾಗ, 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಣಿತಜ್ಞ. ಹಿಂದೂ ಮಹಾಸಾಗರದಿಂದ ಪೂರ್ವಕ್ಕೆ 30ರಿಂದ 60 ದಿನಕ್ಕೊಮ್ಮೆ ಸಾಗುವ ಮೋಡದ ಅಲೆಯನ್ನು 1971ರಲ್ಲಿ ಮ್ಯಾಡನ್ ಮತ್ತು ಜೂಲಿಯನ್ ಗುರುತಿಸಿದರು. 1997ರಲ್ಲಿ ಭಾರೀ ಎಲ್ ನಿನೊ ಇದ್ದರೂ ನಮ್ಮ ಮುಂಗಾರು ವಾಡಿಕೆಯಷ್ಟೇ ಸುರಿಯಿತು. 2002ರಲ್ಲಿ ಅದಕ್ಕಿಂತ ಸಣ್ಣ ಎಲ್ ನಿನೊಗೆ ದೇಶವೇ ಬರಕ್ಕೆ ಬಿತ್ತು. ಆ ವರ್ಷ ಹವಾಮಾನ ಇಲಾಖೆಯ 16 ಅಂಶಗಳ ಮಾದರಿ ವಾಡಿಕೆಯ ಮಳೆ ಅಂದಿತ್ತು, ಬಂದದ್ದು ಶೇ 81. ಈ ಒಗಟಿಗೆ ಗಾಡ್ಗೀಳ್ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟ ಉತ್ತರ ಇನ್ನೊಂದು ತೊಟ್ಟಿಲು. ಹಿಂದೂ ಮಹಾಸಾಗರದ ನಡುಗೆರೆಯ ಮೇಲೆ ಮೋಡಗಳು ಪಶ್ಚಿಮಕ್ಕೂ ಪೂರ್ವಕ್ಕೂ ತೂಗುತ್ತವೆ. ಪಶ್ಚಿಮದ ಕಡೆ ವಾಲಿದರೆ ನಮಗೆ ಒಳ್ಳೆಯದು. ಇದಕ್ಕೆ ಅವರು ಇಟ್ಟ ಹೆಸರು ಈಕ್ವಿನೂ. 2023ರ ಆಗಸ್ಟ್‌ನಲ್ಲಿ ಎಲ್ ನಿನೊ, ಮ್ಯಾಡನ್-ಜೂಲಿಯನ್ ಅಲೆ ಎರಡೂ ನಮಗೆ ಉಲ್ಟಾ ಇದ್ದವು.

ಇಷ್ಟು ಓದಿದ ಮೇಲೆ 'ನನ್ನದೇನೂ ತಪ್ಪಿಲ್ಲ, ಇಷ್ಟು ದೊಡ್ಡ ಸಮುದ್ರಗಳ ಆಟ' ಅಂತ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಗಾಡ್ಗೀಳರ ಇನ್ನೊಂದು ಕೆಲಸ ನನ್ನನ್ನು ತಡೆಯಿತು. ಪಾವಗಡದಲ್ಲಿ ಸ್ವತಃ ಕೃಷಿ ಮಾಡುತ್ತಿದ್ದ ಪಿ.ಆರ್. ಶೇಷಗಿರಿ ರಾವ್ ಜೊತೆ ಸೇರಿ, ಅನಂತಪುರ ಸೀಮೆಯ ಮಳೆಯಾಶ್ರಿತ ಶೇಂಗಾ ಬಗ್ಗೆ ಅವರು ಅಧ್ಯಯನ ಮಾಡಿದ್ದರು. ಹತ್ತಾರು ವರ್ಷಗಳ ಮಳೆ ಲೆಕ್ಕವನ್ನು ಬೆಳೆಯ ಮಾದರಿಗೆ ಕೊಟ್ಟು, ಯಾವಾಗ ಬಿತ್ತಿದರೆ ಕೈಸುಡುವ ಸಾಧ್ಯತೆ ಕಡಿಮೆ ಅಂತ ನೋಡಿದರು. ಅಲ್ಲಿ ಮೊದಲ ಪ್ರಶ್ನೆ 'ಮಳೆ ಬರುತ್ತದಾ' ಅಲ್ಲ, 'ರೈತ ಯಾವ ನಿರ್ಧಾರ ತಗೋಬೇಕಾಗಿದೆ' ಅನ್ನೋದು. ಮಳೆಯ ಗುಣ ಏನು, ಬರದಿದ್ದರೆ ಏನು ಹೋಗುತ್ತದೆ ಅನ್ನೋದೂ ಉತ್ತರದೊಳಗೇ ಇದೆ.

ಅಪ್ಪ ಕೇಳಿದ್ದು ಅಂಥದ್ದೇ ಪ್ರಶ್ನೆ. ಹಾಕ್ಲ್ಯಾ, ಬಿಡ್ಲ್ಯಾ? ನಾನು ಉತ್ತರ ಕೊಟ್ಟದ್ದು ಬೇರೆ ಪ್ರಶ್ನೆಗೆ. ಅದೂ ಮುಂದಿನ ವಾರದ ಉತ್ತರವನ್ನು ಐದಾರು ತಿಂಗಳ ಬೆಳೆಗೆ ಕೊಟ್ಟೆ. ಎಪ್ಪತ್ತು ಅಂತಲೂ ಹೇಳಲಿಲ್ಲ, 'ಐತಿ' ಅಂದೆ. ಮೂವತ್ತನ್ನು ನುಂಗಿದ್ದು ಆ್ಯಪ್ ಅಲ್ಲ, ನಾನು. ಆಫೀಸಿನಲ್ಲಿ ಒಂದು ಸಣ್ಣ ಫೀಚರ್‌ಗೆ ಎಸ್ಟಿಮೇಟ್ ಕೇಳಿದರೂ 'ರಿಸ್ಕ್ ಇದೆ, ಬಫರ್ ಬೇಕು' ಅಂತ ನಾಲ್ಕು ಸಾಲಿನ ಮೇಲ್ ಬರೆಯೋನು ನಾನು. ಯಾಕಂದರೆ ಅಲ್ಲಿ ತಪ್ಪಿದರೆ ನನ್ನ ಅಪ್ರೈಸಲ್‌ಗೆ ಪೆಟ್ಟು. ಇಲ್ಲಿ ಪೆಟ್ಟು ಅಪ್ಪನಿಗೆ. ಸಂಖ್ಯೆ ಹೇಳೋನು ಒಬ್ಬ, ನಷ್ಟ ತಿನ್ನೋನು ಇನ್ನೊಬ್ಬ ಆದಾಗ ಹೇಳೋನ ಬಾಯಿ ಎಷ್ಟು ಹಗುರ ಆಗ್ತದೆ ಅಂತ ನನಗೆ ಆಗ ಗೊತ್ತಾಯಿತು.

ದೇಶದ ಸರಾಸರಿಯ ಕಥೆಯೂ ಹೀಗೇ. 2009ರಲ್ಲಿ ನಾನು ಬಿಇ ಓದುತ್ತಿದ್ದೆ. ಆ ವರ್ಷದ ಮುಂಗಾರು ಶೇ 22 ಕೊರತೆ, ಕಾಗದದ ಮೇಲೆ ಬರಗಾಲ. ಅದೇ ಸೆಪ್ಟೆಂಬರ್ ಕೊನೆಗೆ ಸುರಿದ ಮಳೆಗೆ ನಮ್ಮ ಜಿಲ್ಲೆಯ ಎಷ್ಟೋ ಊರುಗಳು ನೀರಲ್ಲಿ ನಿಂತವು. ಎರಡೂ ನಿಜ.

ಇನ್ನೊಂದು ಮಾತು ಮುಚ್ಚಿಡಬಾರದು. 2023ರಲ್ಲಿ ಹಿಂಗಾರಿಯೂ ಕೈಕೊಟ್ಟಿತು. ಹೊಲ ಖಾಲಿ ಬಿಟ್ಟಿದ್ದರೆ ಜೋಳವೂ ಬರುತ್ತಿತ್ತೋ ಇಲ್ಲವೋ. ಅಂದರೆ ನನ್ನ ಮಾತಿನಿಂದ ಹೆಚ್ಚುವರಿಯಾಗಿ ಹೋದದ್ದು ಬೀಜ, ಗೊಬ್ಬರ, ಎತ್ತಿನ ಬಾಡಿಗೆ ಅಷ್ಟೇ ಇರಬಹುದು. ಇದರಿಂದ ತಪ್ಪು ಸಣ್ಣದಾಗುತ್ತದಾ? ಆಗಸ್ಟ್‌ನಲ್ಲಿ ಚೆನ್ನಾಗಿ ಮಳೆ ಬಂದಿದ್ದರೆ ನಾನು ಊರಲ್ಲಿ ಹೀರೋ ಆಗಿರುತ್ತಿದ್ದೆ. ಆಗಲೂ ನಾನು ಮಾಡಿದ್ದು ಎರಡು ನಿಮಿಷ ಫೋನ್ ನೋಡಿದ್ದೇ. ಹಾಗಾಗಿ ಮಳೆ ಬಂದಿದ್ದರೂ ಅದು ತಪ್ಪೇ ಅಂತ ನನಗನಿಸುತ್ತದೆ, ಯಾರಿಗೂ ಕಾಣದ ತಪ್ಪು.

2024ರ ಜೂನ್‌ನಲ್ಲಿ ಅಪ್ಪ ಮತ್ತೆ ಫೋನ್ ಮಾಡಿದ. ಈ ಸಲ ಮೀಟಿಂಗ್ ಬಿಟ್ಟು ಹೊರಗೆ ಬಂದು ಕೂತೆ. "ಮಳಿ ಬರ್ಲಿಲ್ಲಂದ್ರ ಎಷ್ಟು ಹೋಗ್ತೈತಿ ಯಪ್ಪಾ?" ಅಂತ ಮೊದಲು ಕೇಳಿದೆ.

ಅಪ್ಪ ನಕ್ಕ. "ಆ ಲೆಕ್ಕ ನಾ ದಿನಾ ರಾತ್ರಿ ಹಾಕ್ತೀನಿ, ನೀ ಮಳೀದು ಹೇಳು." ಸ್ವಲ್ಪ ಹೊತ್ತು ಬಿಟ್ಟು ಅವನೇ ಅಂದ: "ಹ್ವಾದ ವರ್ಷ ನೀ ಬ್ಯಾಡ ಅಂದಿದ್ರೂ ನಾ ತೊಗರಿ ಹಾಕ್ತಿದ್ನ್ಯಪಾ."

ಅದು ನಿಜಾನೋ, ನನ್ನ ಸಮಾಧಾನಕ್ಕೆ ಅಂದದ್ದೋ, ನಾನಿನ್ನೂ ಕೇಳಿಲ್ಲ.