ಆಜ್ಞೆ ಕೊಡುವವರಿಲ್ಲದಾಗ
ಓಸಿ ಜೂಜಿನ ಚೀಟಿ ಬರೆಯುತ್ತ ಕಾಲೇಜು ಬಿಟ್ಟಿದ್ದ ನನ್ನ ತಂಗಿಯ ಮಗ ಈಗ ನಸುಕಿನಲ್ಲೆದ್ದು, ಅಗ್ನಿವೀರನಾಗಲು ಸವದತ್ತಿ ರಸ್ತೆಯಲ್ಲಿ ಓಡುತ್ತಾನೆ. ನನಗೆ ಸಂತೋಷವೇ. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆಯಿದೆ. ಅಲ್ಲಿಗೆ ಪ್ರವೇಶ ಪರೀಕ್ಷೆ ಗೆದ್ದವರು ಹೋಗುತ್ತಾರೆ. ಹಾಗೆಯೇ ದಾರಿ ತಪ್ಪಿದ ಹುಡುಗರ ಕವಾಯತು ಶಿಬಿರಗಳಿಗೂ ಸರ್ಕಾರ ಹಣ ಕೊಡಲೇಬೇಕು.

ಆದರೆ ಸೀಟಿ ಊದಿದರೆ ಕಾಲು ಏಳುತ್ತವೆ, ಮನಸ್ಸು ಏಳುತ್ತದೆಯೇ? ಅಗ್ನಿವೀರರ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಮೇಲೆ ಸೇನೆಯಲ್ಲಿ ಉಳಿಯುವವರು ಶೇ. 25ರವರೆಗೆ ಮಾತ್ರ. ಮಿಕ್ಕವರನ್ನು ಆಮೇಲೆ ಎಬ್ಬಿಸುವವರು ಯಾರು?

ಕಿತ್ತೂರಿನ ಚನ್ನಮ್ಮ ರಾಣಿ 1829ರಲ್ಲಿ ನಮ್ಮ ಬೈಲಹೊಂಗಲದಲ್ಲಿ ಬ್ರಿಟಿಷರ ಸೆರೆಯಲ್ಲೇ ತೀರಿಕೊಂಡರು. ಆಜ್ಞೆ ಕೊಡುವವರೇ ಇಲ್ಲದಾಗಲೂ ಅವರ ಬಂಟ ಸಂಗೊಳ್ಳಿ ರಾಯಣ್ಣ ಕಾದಾಡಿ, 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ. ಆ ಶಿಸ್ತು ಒಳಗಿನ ಅರಿವಿನದು. ಕವಾಯತಿನ ಜೊತೆಗೆ, ಹುಡುಗರು ‘ಯಾಕೆ?’ ಎಂದು ಕೇಳಲೂ ಶಿಬಿರದಲ್ಲಿ ದಿನಕ್ಕೊಂದು ತಾಸು ಇರಲಿ.